ಪೂರಾ ರೆಪ್ಪೆ

ಮನಾಮದ ಮಾಲಿನ ಅತ್ತರಿನ ಕೌಂಟರಿನಲ್ಲಿ
ಕನ್ನಡಕ ಕೂಡದೆಂದು ಎಲ್ಲೂ ಬರೆದಿಲ್ಲ.
ಮ್ಯಾನೇಜರ್ ಅಂದದ್ದು ಇಷ್ಟೇ:
"ಟೀಚರ್ ಥರ ಕಾಣ್ತೀಯ, ತಾರಾಮತಿ.
ಟೀಚರ್ ಹತ್ತಿರ ಯಾರು ಊದ್ ಕೊಳ್ತಾರೆ?"
ಕನ್ನಡಕ ಡಬ್ಬಿ ಸೇರಿದ ದಿನವೇ
ಕನ್ನಡವೂ ಸೇರಿತು;
ಹನ್ನೆರಡು ತಾಸು ಅರ್ಧ ಇಂಗ್ಲಿಷು, ಕಾಲು ಅರಬ್ಬಿ,
ಉಳಿದದ್ದಕ್ಕೆ ನಗು.

ಬೆರಳ ತುದಿಯಲ್ಲಿ ಹನಿಯಷ್ಟೇ ಬಟ್ಟಲು.
ಮೊದಲ ವಾರ ಏನು ಚಂದ!
ದೂರದ ಬಸ್ಸಿನ ನಂಬರು,
ಸಮುದ್ರ ತುಂಬಿಸಿ ಕಟ್ಟಿದ ಗೋಪುರಗಳ ನೆತ್ತಿಯ ಕೆಂಪು ದೀಪ,
ಗಿರಾಕಿಯ ಉಂಗುರದ ಹರಳಿನ ಬಿರುಕು ಸಹ.

ತಿಂಗಳಿಗೆ ಎಸೆಯಬೇಕಾದ್ದನ್ನು ಮೂರು ತಿಂಗಳು ಎಳೆದೆ.
ಡಬ್ಬಿಯ ಹಳೆ ದ್ರವಕ್ಕೆ ಮೇಲಿಂದ ಒಂದಿಷ್ಟು ಹೊಸತು,
ನೆಂಟರು ಬಂದಾಗ ಸಾರಿಗೆ ನೀರು ಹೊಯ್ದ ಹಾಗೆ.
ರಂಜಾನಿನಲ್ಲಿ ಅಂಗಡಿ ರಾತ್ರಿ ಎರಡರ ತನಕ.
ತೆಗೆಯದೆ ಮಲಗಿದ ರಾತ್ರಿಗಳ ಲೆಕ್ಕ
ನಾನಿಟ್ಟಿಲ್ಲ; ಕಣ್ಣು ಇಟ್ಟಿತ್ತು.

ಮೇಲಿನಿಂದ ಏಸಿ, ಎದುರಿನಿಂದ ಅತ್ತರಿನ ತುಂತುರು,
ಹೊರಗೆ ಕಾಲಿಟ್ಟರೆ ಶಮಾಲ್ ಗಾಳಿ—
ಶೇಖನೆನ್ನದೆ ಹಮಾಲನೆನ್ನದೆ
ಎಲ್ಲರ ಕಣ್ಣಿಗೂ ಮಣ್ಣೆರಚುವುದು.
"ಕಣ್ಣಲ್ಲಿ ಹಪ್ಪಳ ಒಣಗಿಸಿದ ಹಾಗಿದೆ" ಎಂದೆ ಮರಿಬೆಲ್‌ಗೆ.
ಅವಳಿಗೆ ಹಪ್ಪಳ ಗೊತ್ತಿಲ್ಲ, ಒಣಗುವುದು ಗೊತ್ತು:
ಸಿಂಕಿನಂಚಲ್ಲಿ ಬಿದ್ದಿದ್ದ ತನ್ನ ಬೂದುಬಣ್ಣದ ಲೆನ್ಸು ತೋರಿಸಿದಳು,
ಈರುಳ್ಳಿ ಸಿಪ್ಪೆಯ ಚೂರು.

ಇಲ್ಲಿಯ ಹಳಬರು ಹೇಳುತ್ತಾರೆ,
ಹೊರಗಿನದೇನೋ ಒಳಹೊಕ್ಕು ಚುಚ್ಚಿದರೆ
ಚಿಪ್ಪು ಅದನ್ನು ಮುತ್ತು ಮಾಡುತ್ತದಂತೆ.
ನನಗೆ ಬೆಳಗ್ಗೆ ಸಿಕ್ಕಿದ್ದು ಪಿಸುರು.

ಮುಹರ್ರಕ್‌ನ ಕ್ಲಿನಿಕ್ಕಿನಲ್ಲಿ ಸುಡಾನಿನ ಡಾಕ್ಟರ್ ಇಬ್ತಿಹಾಲ್
ಕಿತ್ತಳೆ ಬಣ್ಣದ ಕಾಗದದೆಳೆ ತಾಗಿಸಿ ನೀಲಿ ದೀಪ ಹಚ್ಚಿದಳು.
ಪರದೆಯ ಮೇಲೆ ನನ್ನ ಕಣ್ಣು, ಹಲಸಿನ ಹಣ್ಣಿನಷ್ಟು.
ಅದರ ತುಂಬ ಹಸಿರು ಚುಕ್ಕಿ, ಚುಕ್ಕಿ—
ಗೆರೆ ಎಳೆಯುವ ಮೊದಲೇ ರಂಗೋಲಿಯವಳು ಎದ್ದುಹೋದಂತೆ.
"ಹಸಿರಿದ್ದಲ್ಲೆಲ್ಲ ತರಚಿದೆ."
ರೆಪ್ಪೆ ಮಗುಚಿದಳು: ಒಳಗೆ ಸಾಲಾಗಿ ಬೆಂದ ಸಬ್ಬಕ್ಕಿ, ಕೆಂಪು.

"ಕಣ್ಣೀರು ಬರೇ ನೀರಲ್ಲ.
ತಳದಲ್ಲಿ ಲೋಳೆ, ನಡುವೆ ನೀರು, ಮೇಲೆ ಎಣ್ಣೆಯ ತೆಳು ಹೊದಿಕೆ.
ಎಣ್ಣೆ ಇಳಿಯಲು ರೆಪ್ಪೆ ಪೂರಾ ಮುಚ್ಚಬೇಕು.
ನೀನು ಅರ್ಧಕ್ಕೇ ನಿಲ್ಲಿಸ್ತೀಯ."

ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವುದು—
ನಮ್ಮ ಮಾತು ನಾಲಿಗೆ ತನಕ ಬಂತು.
ಕಾಲು ಅರಬ್ಬಿಯಲ್ಲಿ ಅದು ಹಿಡಿಸಲಿಲ್ಲ.
ಆರು ವರ್ಷ ಕಾದಿದ್ದೇನೆ,
ಬಡ್ತಿಗೆ, ವೀಸಾಕ್ಕೆ, ಹೆಸರು ಹೇಳದ ಒಬ್ಬನಿಗೆ,
ಎಣ್ಣೆಯಿಲ್ಲದೆ.

ಮೂರು ವಾರ ಲೆನ್ಸು ಬೇಡ ಎಂದು ಚೀಟಿ.
ಮ್ಯಾನೇಜರ್ ಚೀಟಿಯ ಸೀಲು ಉಜ್ಜಿ ನೋಡಿದ,
ಆಮೇಲೆ ನನ್ನನ್ನು ಮೂಲೆಯ ಬಕೂರಿನ ಕಪಾಟಿಗೆ ಸರಿಸಿದ.
ಅಲ್ಲಿ ಯಾರೂ ಬರುವುದಿಲ್ಲ. ಅಭ್ಯಾಸಕ್ಕೆ ಒಳ್ಳೆಯದೇ:
ಮುಚ್ಚು, ಎರಡು ಎಣಿಸು, ತೆರೆ.
ಮುಚ್ಚು, ಒಂದು, ಎರಡು—

ತೆರೆದರೆ ಎದುರಿಗೊಬ್ಬ ಅಜ್ಜಿ.
ನಿಖಾಬಿನ ಸೀಳಿನಲ್ಲಿ ಎರಡು ಕಣ್ಣು ಬಿಟ್ಟು ಬೇರೇನಿಲ್ಲ,
ಅಂಚೆಲ್ಲ ಕೆಂಪು.
ನನ್ನ ರೆಪ್ಪೆ ನೋಡಿದಳು. ತಾನೂ ಮುಚ್ಚಿದಳು. ನಿಧಾನಕ್ಕೆ, ಪೂರಾ.
ಚೀಲಕ್ಕೆ ಕೈಹಾಕಿ ತೆಗೆದದ್ದು
ನನ್ನ ಜೇಬಿನಲ್ಲಿದ್ದದ್ದೇ ಹಸಿರು ಮುಚ್ಚಳದ ಸೀಸೆ.

ಏನೂ ಕೊಳ್ಳಲಿಲ್ಲ ಅವಳು.
ಇಬ್ಬರೂ ಛಾವಣಿ ನೋಡುತ್ತ ನಿಂತೆವು
ಬಾಯಿ ತುಸು ತೆರೆದು,
ಹನಿ ಬೀಳುವ ತನಕ.