ಅರ್ಧ ಬೆರಳು

ಚಳ್ಳಕೆರೆಯ ಕುರಿಸಂತೆಯಲ್ಲಿ
ಬಾಯಿಬಿಟ್ಟು ರೇಟು ಹೇಳುವವನು ಹೊಸಬ.
ಟವೆಲಿನ ಕೆಳಗೆ ಕೈ, ಕೈಯೊಳಗೆ ಕೈ.
ಮೇಲೆ ಬರೀ ಉಭಯಕುಶಲೋಪರಿ:
ಮಗಳು ಬಾಣಂತನಕ್ಕೆ ಬಂದಳಾ, ಬಸ್ಸು ಸಿಕ್ತಾ, ಮೊಣಕಾಲು ಹೆಂಗೈತೆ.
ಕೆಳಗೆ
ಒಂದು ಬೆರಳು ಹಿಡಿದರೆ ಸಾವಿರ,
ಅಂಗೈಯೆಲ್ಲ ಹಿಸುಕಿದರೆ ಐದು.

ನಮ್ಮ ಮನೆಯವರ ಬಲಗೈ ಕಿರುಬೆರಳು ಅರ್ಧ.
ಮೇವು ಕತ್ತರಿಸುವ ಮಷಿನ್ನು ತಿಂದದ್ದು,
ನಾನು ಈ ಮನೆಗೆ ಬರುವ ಮುಂಚೆ.
ಸಂತೆ ಅದಕ್ಕೂ ಬೆಲೆ ಕಟ್ಟಿತು, ಇನ್ನೂರೈವತ್ತು.
ದಲ್ಲಾಳಿ ಪಾಲಯ್ಯನ ಮೋಟು ತಾಗಿತು ಅಂದರೆ
ಅಷ್ಟು ಇಳಿಸು ಅಂತ.
ಹಿರಿಯೂರಿನ ದಾದಾಪೀರ್ ಸಾಬರು ನಗುತ್ತಾರೆ,
‘ಐದೂ ನೆಟ್ಟಗಿದ್ದೋರ ಕೈಲಿ
ಇಷ್ಟು ನಯವಾಗಿ ಏಪಾರ ಕುದುರಲ್ಲಮ್ಮ.’

ಕೊಡುವವನ ಕಡೆಯಿಂದ ಇಷ್ಟು, ಕೊಳ್ಳುವವನ ಕಡೆಯಿಂದ ಇಷ್ಟು.
ಸಂಜೆ ಇಬ್ಬರೂ ಬೈದುಕೊಂಡು ಹೋಗುತ್ತಾರೆ,
ಒಬ್ಬ ಕಮ್ಮಿಯಾಯಿತೆಂದು, ಒಬ್ಬ ಹೆಚ್ಚಾಯಿತೆಂದು.
ಎರಡೂ ಬೈಗುಳ ಸಮ ತೂಗಿದ ದಿನ
ಇವರು ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಬರುತ್ತಾರೆ.

ಇಂಥವರು
ಕೊತ್ತಂಬರಿಯವಳು ಇಪ್ಪತ್ತು ಅಂದರೆ ಇಪ್ಪತ್ತೇ ಕೊಡುತ್ತಾರೆ.
ಸೀರೆ ಅಂಗಡಿಯಲ್ಲಿ ಬೆಲೆಚೀಟಿ ತಿರುಗಿಸಿಯೂ ನೋಡುವುದಿಲ್ಲ.
ಕೇಳಿದರೆ, ‘ನಡುವೆ ನಿಂತು ರೂಢಿ ಕಣೇ,
ತುದೀಲಿ ನಿಂತರೆ ನಾಲಿಗೆ ಏಳಲ್ಲ.’

ಹಿಂದಿನ ವರ್ಷ ನಮ್ಮವೇ ಆರು ಕುರಿ ಮಾರುವಾಗ
ಕಾಟಲಿಂಗನನ್ನು ಕರೆಸಿದರು.
ಇವರ ಕೈಕೆಳಗೇ ಬೆರಳು ಕಲಿತ ಹುಡುಗ!
ಅವನಿಗೆ ಕಮಿಷನ್ ಎಣಿಸಿಕೊಟ್ಟು,
ವ್ಯಾಪಾರ ಮುಗಿಯುವ ತನಕ
ಹುಣಸೆಮರದ ಕಡೆ ಮುಖ ಮಾಡಿ ನಿಂತಿದ್ದರು,
ಇಂಜೆಕ್ಷನ್ನಿಗೆ ಹೆದರಿದ ಮಗುವಿನ ಹಾಗೆ.

ಈಗ ತೂಕದ ಯಂತ್ರ ಬಂದಿದೆ. ಕಿಲೋಗಿಷ್ಟು.
ಫೋಟೋ ಫೋನಲ್ಲೇ ಹೋಗುತ್ತದೆ, ರೇಟೂ ಅದರಲ್ಲೇ ಬರುತ್ತದೆ.
ಟವೆಲು ಈಗೀಗ ಬೆವರು ಒರೆಸಲು.

ನಿನ್ನೆ ರಾತ್ರಿ ಕರೆಂಟು ಹೋಯಿತು.
ಜಗಲಿಯಲ್ಲಿ ಸುಮ್ಮನೆ ಕೂತಿದ್ದರು.
ಅವರ ಹೆಗಲಿನಿಂದ ಟವೆಲು ಎಳೆದು
ಇಬ್ಬರ ಕೈ ಮೇಲೂ ಹಾಕಿದೆ,
ಇಪ್ಪತ್ತೆಂಟು ವರ್ಷಕ್ಕೆ ಮೊದಲ ಸಲ.
‘ಹೇಳ್ರಿ ನೋಡಾನ, ನಾನೆಷ್ಟು?’

ಮೇಲೆ ನಾನೇ ಮಾತಾಡಿದೆ,
ಹಾಲಿನವನ ಲೆಕ್ಕ, ಸೋರುವ ನಲ್ಲಿ, ಏನೇನೋ.
ಕೆಳಗೆ ಬೆರಳುಗಳು ಬಹಳ ಹೊತ್ತು ಅಲುಗಲಿಲ್ಲ.
ಹೊಸಬನ ಕೈಯಂತೆ ಬೆವೆತಿದ್ದವು.
ಆಮೇಲೆ ಆ ಮೋಟು,
ಊರೆಲ್ಲ ಮುಟ್ಟಿದ ಆ ಮೋಟು,
ತಾನಾಗಿ ಬಂದು ನನ್ನ ಅಂಗೈಯಲ್ಲಿ ಕೂತಿತು.

ಇಳಿಸಲಿಕ್ಕೋ ಏರಿಸಲಿಕ್ಕೋ ನಾನು ಕೇಳಲಿಲ್ಲ.
ಕರೆಂಟು ಬಂತು.
ಟವೆಲು ಸರಿಸಿದರೆ ವ್ಯಾಪಾರ ಮುಗಿಯಿತು ಅಂತ ಲೆಕ್ಕ.
ಇಬ್ಬರೂ ಸರಿಸಲಿಲ್ಲ.

ಬೆಳಿಗ್ಗೆ ಚಾ ಕೊಟ್ಟೆ.
ಊದಿ, ಒಂದು ಗುಟುಕು ಕುಡಿದು ಅಂದರು:
‘ಇದು ಕಮಿಷನ್ನಿಗೆ ಜಮಾ. ಒಂದು ಕಡೇದು.’