ಮಿಕ್ಕ ಭಾನುವಾರ

ವಿಯೆನ್ನಾದಲ್ಲಿ ಹತ್ತು ದಿನ.
ಒಂಬತ್ತು ದಿನ ಹರಿದ ಕಾಗದಕ್ಕೆ ತೇಪೆ ಹಾಕುವ ತರಬೇತಿ,
ಮಿಕ್ಕದ್ದು ಒಂದೇ ಭಾನುವಾರ.
ಅದನ್ನು ಯಾವ ಗಾಡಿಗೆ ಹತ್ತಿಸಲಿ ಎಂದು
ಸರಸ್ವತಿಪುರದ ನಡುಮನೆಯಲ್ಲಿ ನಕ್ಷೆ ಹರಡಿ ಕೂತಿದ್ದೇನೆ.
ಒಂದು ಮೂಲೆ ಹಾರದಂತೆ ಸೇರು,
ಇನ್ನೊಂದಕ್ಕೆ ಲೆಮನ್‌ಗ್ರಾಸ್ ಎಣ್ಣೆಯ ಸೀಸೆ.
ಓಲೆಗರಿಗೆ ಹಚ್ಚಿ ಹಚ್ಚಿ
ಈಗ ನನ್ನ ಬೆರಳಿಗೂ ಹುಳು ಹತ್ತುವುದಿಲ್ಲ.

ಕಚೇರಿಯ ಪದ್ಮರಾಜಯ್ಯನವರು ಮೆಲ್ಕ್ ಅಂದರು.
ಮಠವಂತೆ, ಮಠದೊಳಗೆ ಸೂರಿನವರೆಗೂ ಪುಸ್ತಕವಂತೆ,
'ನೀನಲ್ಲದೆ ಮತ್ಯಾರು ನೋಡಬೇಕಮ್ಮ?'
ಆರು ದಿನ ಹುಳು ತಿಂದ ಅಕ್ಷರ ಎಣಿಸುವವಳಿಗೆ
ಏಳನೆಯ ದಿನವೂ ಪುಸ್ತಕವೇ?

ಫರ್ಜಾನಾ ಬ್ರಾಟಿಸ್ಲಾವಾ ಅಂದಳು,
'ಒಂದು ಗಂಟೆಗೆ ಇನ್ನೊಂದು ದೇಶ ಕಣೇ!'
ಇಲ್ಲಿಂದ ಒಂದು ಗಂಟೆ ಕೂತರೆ
ಮಂಡ್ಯ ದಾಟಿ ಹನಕೆರೆ.
ಅಲ್ಲೂ ಅದೇ ಮುದ್ದೆ, ಅದೇ ಬೈಗುಳ.

ಮಗಳು ಸಾಲ್ಜ್‌ಬರ್ಗ್ ಅಂದಳು.
ಹೋಗಿ ಬರುವುದಕ್ಕೇ ಐದು ಗಂಟೆ,
ಭಾನುವಾರದ ಅರ್ಧ ಕಿಟಕಿಗೇ ತೆತ್ತಂತೆ.
ಒಂದೊಂದು ಹೆಸರಿಗೂ ಪೆನ್ಸಿಲಿನ ಸುತ್ತು ಹಾಕಿದೆ,
ಒಂದೊಂದನ್ನೂ ಅಳಿಸಿದೆ.
ಹೆಚ್ಚು ಅಳಿಸಿದರೆ ಕಾಗದ ತೆಳ್ಳಗಾಗುತ್ತದೆ,
ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಪಕ್ಕದ ಮನೆಯ ಸಿದ್ದಮಾದಯ್ಯ, ಮೂವತ್ತೊಂದು ವರ್ಷ ಗಾರ್ಡು,
ಹಸಿರು ಬಾವುಟ ಹಿಡಿದ ಕೈಯಲ್ಲಿ ಈಗ ದಂಟಿನ ಸೊಪ್ಪಿನ ಕಟ್ಟು,
ಬಾಗಿಲಿಂದಲೇ ಬಗ್ಗಿ ನೋಡಿದರು.
'ಹೋಗೋ ಗಾಡಿ ಆಮೇಲವ್ವ.
ಬರೋ ಗಾಡಿ ಕೊನೇದು ಎಷ್ಟೊತ್ತಿಗೆ, ಅದ ಮೊದ್ಲು ನೋಡು.
ಬರೋದು ಗೊತ್ತಿದ್ರೆ
ಹೋದಲ್ಲಿ ಸುಮ್ನೆ ಕೂರಬೋದು.'
ತಿರುಗಿದವರು ಮತ್ತೆ ನಿಂತು,
'ಚಾಮರಾಜನಗರದ ಗಾಡೀಲಿ ತವರಿಗೆ ಎಷ್ಟು ಸಲ ಹೋಗಿದ್ದೀ?'
ಲೆಕ್ಕ ಇಟ್ಟಿಲ್ಲ.
'ಚಿನ್ನದಗುಡಿಹುಂಡೀಲಿ ಒಂದಿನಾನಾದ್ರೂ ಇಳಿದಿದ್ದೀಯಾ?'
ಅಲ್ಲಿ ಯಾಕೆ ಇಳಿಯಲಿ?
'ಅದೇ' ಅಂದರು. ಸೊಪ್ಪು ಕೊಡವಿಕೊಂಡು ಹೋದರು.

ಅದೇ ಅಂದರೆ ಏನು?

ಮುಂದಿನ ಭಾನುವಾರ ಇಳಿದೆ.
ನಂಜನಗೂಡಿನಲ್ಲೇ ಅರ್ಧ ಗಾಡಿ ಖಾಲಿ.
ಇಲ್ಲಿ ಇಳಿದವಳು ನಾನೊಬ್ಬಳೇ.
ಗಾಡಿ ಬೇಗ ಹೋಯಿತು,
ಅದರ ಸದ್ದು ಹೋಗಲು ಇನ್ನಷ್ಟು ಹೊತ್ತು ಹಿಡಿಯಿತು.
ಚಿನ್ನವಿರಲಿಲ್ಲ. ಗುಡಿಯೂ ಕಣ್ಣಿಗೆ ಬೀಳಲಿಲ್ಲ.
ಹಳದಿ ಹಲಗೆ, ಅದರ ನೆರಳಿನಷ್ಟೇ ಅಗಲಕ್ಕೆ ಮಲಗಿದ ಕರು.
ಸೈಕಲ್ಲಿಗೆ ಹಿಪ್ಪುನೇರಳೆ ಸೊಪ್ಪು ಹೇರಿಕೊಂಡ ಹುಡುಗಿ
'ಯಾರ ಮನೆಗೆ?' ಅಂದಳು.
ಯಾರ ಮನೆಗೂ ಅಲ್ಲ ಅಂದೆ.
ಅವಳು ನಂಬಲಿಲ್ಲ. ನಾನೂ ಅಷ್ಟಾಗಿ ನಂಬಲಿಲ್ಲ.
'ಹಂಗಾದ್ರೆ ನಮ್ಮನೇಗೇ ಬನ್ನಿ, ನೀರು ಕುಡ್ದು ಹೋಗಿ.'

ಅವರ ಮನೆಯಲ್ಲಿ ತಟ್ಟೆ ತಟ್ಟೆಯ ತುಂಬ ಹುಳು.
ನಾನು ಹುಳುವಿನ ಬಾಯಿಂದ ಎಲೆ ಉಳಿಸುವವಳು,
ಸಂಬಳ ಅದಕ್ಕೇ.
ಅವರು ಹೊತ್ತು ಹೊತ್ತಿಗೆ ಎಲೆ ತಂದು ಹುಳುವಿಗೆ ಉಣಿಸುವವರು.
ಒಳಗೆ ಕಾಲಿಡಬೇಕು, ಹುಡುಗಿಯ ಅಜ್ಜಿ ಮೂಗರಳಿಸಿ,
'ಕೈಗೆ ಏನವ್ವ ಹಚ್ಚಿದ್ದೀ? ಆ ಗಾಟು ಹುಳಕ್ಕಾಗಲ್ಲ.
ಹೊಸ್ತಿಲಾಚೆ ಕೂತ್ಕೋ.'
ಕೂತೆ.
ಹೊಸ್ತಿಲಾಚೆ ನೀರು ಬಂತು, ಆಮೇಲೆ ಬೆಲ್ಲ,
ಆಮೇಲೆ ಏನೂ ಬರಲಿಲ್ಲ, ಯಾರೂ ಏನೂ ಕೇಳಲಿಲ್ಲ.
ಎದುರಿನ ಗೋಡೆಯ ಬಿಸಿಲು ಒಂದು ಇಟ್ಟಿಗೆ ದಾಟಿ
ಇನ್ನೊಂದಕ್ಕೆ ಬರುವುದನ್ನು ಪೂರ್ತಿ ನೋಡಿದೆ.
ಬರೋ ಗಾಡಿ ಎಷ್ಟಕ್ಕೆಂದು ಗೊತ್ತಿತ್ತು.

ರಾತ್ರಿ ಮತ್ತೆ ನಕ್ಷೆ, ಮತ್ತೆ ಸೇರು.
ಎಣ್ಣೆಯ ಸೀಸೆ ಮಾತ್ರ ಕಪಾಟಿಗೆ ಸೇರಿಸಿದೆ.
ಮೆಲ್ಕ್‌ಗೆ ಮುಂಚೆ, ಯಾರೂ ಸುತ್ತು ಹಾಕಿರದ ಒಂದು ನಿಲ್ದಾಣ,
ಹೆಸರಿನ ತುಂಬ ಒತ್ತಕ್ಷರ,
ಕನ್ನಡದಲ್ಲಿ ಬರೆದುಕೊಂಡೆ, ಮೂರು ಸಲ, ಮೂರು ಥರ.
'ಅಲ್ಲಿ ಏನಿದೆಯಮ್ಮ?' ಅಂದಳು ಮಗಳು.

ಬರೋ ಗಾಡಿ ಏಳೂ ಇಪ್ಪತ್ತಕ್ಕಿದೆ ಅಂದೆ.