ಹಲೋ, ಒಂದು, ಎರಡು, ಮೂರು

ಇಪ್ಪತ್ತಾರು ವರ್ಷ ಮೈಕಿನ ಮುಂದೆ ನಾನಾಡಿದ್ದು ಇಷ್ಟೇ ಮಾತು:
ಹಲೋ, ಹಲೋ, ಒಂದು, ಎರಡು, ಮೂರು.
ಮದುವೆ, ಗಣೇಶ, ರಾಜ್ಯೋತ್ಸವ, ಎಲೆಕ್ಷನ್ನು,
ಯಾರ ಗಂಟಲಿಗಾದರೂ ಬಾಡಿಗೆಗೆ ಸಿಗುವವನು,
ಶ್ರೀರಾಮಪುರದ ಮುನಿಕೃಷ್ಣ. ಎರಡು ಬಾಕ್ಸು, ಒಂದು ಆಂಪ್ಲಿಫೈಯರು,
ವೈರು ಸುತ್ತಿ ಸುತ್ತಿ ಮೊಣಕೈಗೆ ಬಿದ್ದ ಕಪ್ಪು ಗೆರೆ.

ಆ ಭಾನುವಾರ ಲಗ್ಗೆರೆಯ ಸಮುದಾಯ ಭವನ.
ಅಹವಾಲು ಸಭೆ ಅಂದರು, ಮುನ್ನೂರು ಕಡಿಮೆ ಮಾಡ್ಕೋ ಅಂದರು.
ಬರಬೇಕಾದ ಸಾಹೇಬರಿಗೆ ಮುಂದಿನ ಸಾಲಿನಲ್ಲಿ
ಟರ್ಕಿ ಟವೆಲ್ಲು ಹೊದಿಸಿದ ಕುರ್ಚಿ.
ಹನ್ನೊಂದೂವರೆಯಾದರೂ
ಟವೆಲ್ಲೊಂದೇ ಕೂತಿತ್ತು.

ಮೊದಲು ಎದ್ದವಳು ಸೆಲ್ವಿ. ಮೈಕು ಅವಳಿಗಿಂತ ಎತ್ತರ,
ಹಿಂದಿನ ರಾತ್ರಿ ಭಾಷಣ ಮಾಡಿದವರ ಅಳತೆಗಿತ್ತು.
ಓಡಿಹೋಗಿ ತಿರುಪು ಸಡಿಲಿಸಿ ಇಳಿಸಿದೆ,
ಒಂದು ಗೇಣು, ಮತ್ತೊಂದು ಗೇಣು.

"ಪೀಣ್ಯದಲ್ಲಿ ಶರ್ಟಿನ ಕಾಲರ್ ಹೊಲೀತೀನಿ.
ಟಾಯ್ಲೆಟ್ಟಿಗೆ ಟೋಕನ್ನು. ಲೈನಿಗೆಲ್ಲ ಒಂದೇ ಟೋಕನ್ನು.
ಅದಕ್ಕೇ ನೀರು ಕುಡಿಯಲ್ಲ ನಾನು,
ಬೆಳಗ್ಗೆಯಿಂದ ಸಂಜೆ ತನಕ. ಒಂಬತ್ತು ವರ್ಷ ಆಯ್ತು."

ಅಷ್ಟೇ. ಚಪ್ಪಾಳೆ ಇಲ್ಲ.
ಮೂರನೇ ಸಾಲಿನಲ್ಲಿ ಬಾಟಲಿ ಎತ್ತಿದ್ದ ಹುಡುಗಿ
ಮುಚ್ಚಳ ತಿರುಗಿಸಿ ಕೆಳಗಿಟ್ಟಳು.
ಹಾಲಿನಲ್ಲಿ ಒಂದು ಶಬ್ದ. ಬಾಕ್ಸು ಕುಯ್ಯೆನ್ನುವ ಶಬ್ದವಲ್ಲ,
ಅದು ನನಗೆ ಗೊತ್ತು.
ಇದು ನೂರಿಪ್ಪತ್ತು ಜನ 'ನಾನೂ' ಅನ್ನಲು ಹೋಗಿ
ಬರೀ ಉಸಿರು ಬಿಟ್ಟದ್ದು.

ಆಮೇಲೆ ನೂರುನ್ನೀಸಾ. ಏಳು ಮನೆ ಕೆಲಸ.
"ಆರು ಮನೇಲಿ ನನ್ನ ಲೋಟದ ತಳಕ್ಕೆ
ನೇಲ್ ಪಾಲಿಷ್ ಚುಕ್ಕೆ ಇಟ್ಟಿದಾರೆ.
ಏಳನೇ ಮನೆ ಅಜ್ಜಿಗೆ ಕಣ್ಣು ಕಾಣಲ್ಲ,
ಅಲ್ಲಿ ಮಾತ್ರ ನಾನು ಎಲ್ಲರ ಲೋಟದಲ್ಲೂ ಕುಡೀತೀನಿ."
ಅವಳೇ ನಕ್ಕಳು. ಇಡೀ ಹಾಲು ನಕ್ಕಿತು,
ನಕ್ಕು ಮುಗಿಸಲು ಯಾರಿಗೂ ಬರಲಿಲ್ಲ.

ಮೂರನೆಯವಳು ಗಂಗಹನುಮಕ್ಕ.
"ಹೆಸರು ಕೇಳದೆ ನನ್ನ ಗಂಡನ್ನ ಗುಂಡಿಗೆ ಇಳಿಸಿದ್ರು.
ಮೇಲೆ ತಂದ ಮೇಲೆ ಕೇಳಿದ್ರು, ಫಾರಂ ತುಂಬೋಕೆ."

ನನ್ನ ಕೈ ತಾನಾಗಿ ವಾಲ್ಯೂಮಿಗೆ ಹೋಯಿತು.
ಇಳಿಸಿದೆ.
"ಕೇಳಿಸ್ತಿಲ್ಲ, ಜೋರಾಗಿ!" ಹಿಂದಿನ ಸಾಲು ಕೂಗಿತು.
ಬೆರಳ ತುದಿಯಲ್ಲಿ ತಿರುಗುವ ಗುಂಡಿ,
ಅದಕ್ಕೂ ಗುಂಡಿ ಅಂತಲೇ ಹೆಸರು.
ಆವತ್ತು ಅದನ್ನು ಏರಿಸಲು ತೋಳಿನ ಬಲವೆಲ್ಲ ಬೇಕಾಯಿತು.

ನಾಲ್ಕನೇ ಕ್ಲಾಸು. ಅಪ್ಪ ಏನು ಮಾಡ್ತಾರೋ? ಮೇಷ್ಟ್ರು ಕೇಳಿದರು.
ವಾಟರ್ ಬೋರ್ಡಲ್ಲಿ ಆಫೀಸರು ಸಾರ್.
ಮದುವೆ ಮಾತುಕತೆಯಲ್ಲೂ ಆಫೀಸರು,
ಅಪ್ಪ ಸತ್ತ ಮೇಲೆ ಮಗಳು ಕೇಳಿದಾಗಲೂ ಆಫೀಸರು.
ಸತ್ತವರಿಗೆ ಅಷ್ಟು ಸುಲಭವಾಗಿ ಬಡ್ತಿ ಕೊಟ್ಟೆ.
ಅಪ್ಪ ಅಂದರೆ ನನಗೆ ಕೆಂಪು ಸೋಪಿನ ವಾಸನೆ.
ಎರಡೆರಡು ಸಲ ತಿಕ್ಕಿ ತಿಕ್ಕಿ ಸ್ನಾನ ಮಾಡಿ
ಆಮೇಲೆಯೇ ನನ್ನನ್ನು ಎತ್ತಿಕೊಳ್ಳುತ್ತಿದ್ದ.

ಮೂರೂವರೆಗೆ ಮುಗಿಯಿತು.
ನೂರೆಂಟು ಸಹಿ, ಹನ್ನೆರಡು ಹೆಬ್ಬೆಟ್ಟು.
ಟವೆಲ್ಲನ್ನು ಯಾರೋ ಮಡಿಸಿ ಬ್ಯಾಗಿಗೆ ಹಾಕಿಕೊಂಡರು.
ಏನಾಯಿತು ಅಂತ ಕೇಳಿದರೆ, ತಿಂಗಳಾದ ಮೇಲೆ ಗೊತ್ತಾಯಿತು:
ಸೆಲ್ವಿಯ ಲೈನಿಗೆ ಈಗ ಎರಡು ಟೋಕನ್ನಂತೆ.
ಎರಡು. ಇಷ್ಟು ದೊಡ್ಡ ಬೆಂಗಳೂರಲ್ಲಿ.
ನಗಬೇಡಿ, ಒಂದಿತ್ತು.

ಆವತ್ತು ಎಲ್ಲರೂ ಹೋದ ಮೇಲೆ
ಸ್ಟ್ಯಾಂಡು ಇನ್ನೂ ಅವಳ ಎತ್ತರಕ್ಕೇ ಇತ್ತು.
ಬಗ್ಗಿದೆ. ಕರೆಂಟು ಆರಿಸಿದ್ದೆ, ಧೈರ್ಯವಾಗಿ ಅಂದೆ:
ನಮ್ಮಪ್ಪ ಅಂಜನಪ್ಪ. ಮ್ಯಾನ್‌ಹೋಲಿಗೆ ಇಳೀತಿದ್ದ.

ಮೂಲೆಯಲ್ಲಿ ಕುರ್ಚಿ ಪೇರಿಸುತ್ತಿದ್ದ ಮುದುಕಿ
ತಿರುಗಿಯೂ ನೋಡದೆ ಅಂದಳು:
"ಸ್ವಿಚ್ ಹಾಕ್ಕೊಂಡು ಹೇಳಪ್ಪ."

ಹಾಕಿದೆ. ಬಾಕ್ಸು ಗುರ್ ಅಂತು.
ಹಲೋ, ಅಂದೆ.
ಎಣಿಸಲಿಲ್ಲ.